ಮಸ್ತಬಾದ ಮೇಲೆ ಕೂತವರು

ನವೆಂಬರ್ ಹದಿನಾರು, ಭಾನುವಾರ, ಸಂಜೆ ನಾಲ್ಕೂ ಮುಕ್ಕಾಲು. ಅಮೆರಿಕದ ಈ ಲಿನ್‌ವುಡ್‌ನಲ್ಲಿ ಆಗಲೇ ಕತ್ತಲು. ದೀಪ ಹಾಕಿಕೊಂಡು ಬರೆಯುತ್ತಿದ್ದೇನೆ.

ನಮ್ಮ ಪಕ್ಕದ ಮನೆಯ ಅಂಕಲ್, ತಮ್ಮ ಮನೆಯಲ್ಲಿ ಸಾವಾಗಿದೆ ಎಂದು ಊರಿಗೆಲ್ಲ ಕರೆ ಕಳಿಸಿದವರು. ಹಾಗೆ ಕಳಿಸಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ, ಅಷ್ಟೆ.

ಅವರು ಮೈಸೂರಿನವರು. ಇಲ್ಲಿನ ನಗರದ ನಡುವೆ, ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡವೊಂದರಲ್ಲಿ ಕೂತು ಬೇರೆಯವರು ಬರೆದ ಪ್ರೋಗ್ರಾಮಿನ ತಪ್ಪು ಹುಡುಕಿ ನಿವೃತ್ತರಾದರು. ಆಮೇಲೆ ನಿಘಂಟುಗಳ ತಪ್ಪು ಹುಡುಕಿ ನಿಘಂಟಿನವರಿಗೆ ಬರೆಯತೊಡಗಿದರು. ಸರಿಯಾಗಿ ಹೇಳಬೇಕೆಂದರೆ, ಒಂದೇ ತಪ್ಪು.

ಮಸ್ತಬಾ ಎಂದರೆ ಅರಬ್ಬಿಯಲ್ಲಿ ಮನೆಯ ಮುಂದಿನ ಕಟ್ಟೆ. ಈಜಿಪ್ಟಿನಲ್ಲಿ ಮರಳು ಅಗೆಯುತ್ತಿದ್ದ ಕೂಲಿಯವರು ಉದ್ದಕ್ಕೆ, ಚಪ್ಪಟೆಯಾಗಿದ್ದ ಹಳೆಯ ಸಮಾಧಿಗಳನ್ನು ಕಂಡು, ಇವು ನಮ್ಮ ಮನೆಯ ಕಟ್ಟೆಯ ಹಾಗೇ ಇವೆಯಲ್ಲ ಎಂದು ಆ ಹೆಸರಿಟ್ಟರಂತೆ. ಯುರೋಪಿನವರು ಪದವನ್ನು ಹೊತ್ತುಕೊಂಡು ಹೋದರು, ಕಟ್ಟೆಯನ್ನು ಅಲ್ಲೇ ಬಿಟ್ಟರು. ಇವತ್ತಿಗೂ ಅವರ ಯಾವ ನಿಘಂಟು ತೆರೆದರೂ ಮಸ್ತಬಾ ಎಂದರೆ ಪ್ರಾಚೀನ ಸಮಾಧಿ.

"ಕೂತ್ಕೊಳ್ಳೋ ಜಾಗನ ಹೂಳೋ ಜಾಗ ಮಾಡ್ಬಿಟ್ರಲ್ಲಮ್ಮ," ಎನ್ನುತ್ತಾರೆ ಅಂಕಲ್, ನಾನೇ ಮಾಡಿದೆನೇನೋ ಎಂಬಂತೆ ನನ್ನನ್ನು ನೋಡುತ್ತಾ.

ಈ ಸಿಟ್ಟಿಗೆ ಕಾರಣವಿದೆ. ಮದುವೆಯಾದ ಹೊಸದರಲ್ಲಿ ಅವರೂ ಆಂಟಿಯೂ ಕೆಲವು ವರ್ಷ ಕೈರೋದಲ್ಲಿದ್ದರು. ಅಲ್ಲಿ ಮನೆಯ ಮುಂದಿನ ಮಸ್ತಬಾದ ಮೇಲೆ ಆಂಟಿ ಸಂಜೆ ಬಟಾಣಿ ಸುಲಿಯಲು ಕೂತರೆ ಅರ್ಧ ಬೀದಿ ಬಂದು ಸೇರುತ್ತಿತ್ತಂತೆ. ಆಂಟಿ ತೀರಿಕೊಂಡದ್ದು ಇಲ್ಲಿ, ಯಾರೂ ಯಾರ ಮನೆಗೂ ಹೋಗುವಂತಿಲ್ಲದ ಆ ರೋಗದ ವರ್ಷ. ಎಲ್ಲರೂ ಫೋನಿನಲ್ಲೇ ಕೈಮುಗಿದ ಚಿತ್ರ ಕಳಿಸಿದರು. ಆಮೇಲೆ ಹೋಗಬಹುದಾಯಿತು. ಅಷ್ಟರಲ್ಲಿ ಹೋಗದೇ ಇರುವುದು ಅಭ್ಯಾಸವಾಗಿತ್ತು. ಅಂಕಲ್‌ಗೆ ಈಗ ಇರುವುದು ಒಂದೇ ಆಸೆ: ನಾಲ್ಕು ಜನ ಬಂದು ತಮ್ಮ ಬಾಗಿಲಲ್ಲಿ ಕೂರಬೇಕು.

ಅದಕ್ಕೇ ಜುಲೈ ಹನ್ನೆರಡರಂದು ಇಟ್ಟಿಗೆ ತರಿಸಿ, ಬಾಗಿಲ ಮುಂದಿನ ಹುಲ್ಲಿನ ಮೇಲೆ ತಾವೇ ಒಂದು ಕಟ್ಟೆ ಕಟ್ಟಿದರು. ಇದೇನು ಕಟ್ಟಡ ಎಂದು ನಮ್ಮ ವಸತಿ ಸಂಘದವರು ಕೇಳಿದರು. 'ಬೆಂಚು' ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಅಂಕಲ್ ಬಿಡುತ್ತಾರೆಯೇ? 'ಮಸ್ತಬಾ' ಎಂದು ಬರೆದರು. ಸಂಘದವರು ನಿಘಂಟು ನೋಡಿಕೊಂಡು ಉತ್ತರಿಸಿದರು: ಆವರಣದಲ್ಲಿ ಶವ ಹೂಳಲು ಅವಕಾಶವಿಲ್ಲ.

ಆ ಗೊಂದಲ ಬಗೆಹರಿಯಲು ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಕಟ್ಟೆಯ ಮೇಲೆ ಕೂತವರನ್ನು ನನ್ನ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ: ಅಂಕಲ್, ನಾನು, ಒಂದು ಅಳಿಲು.

"ಮಂದೀನ್ನ ಕರೀರಿ ಅಂಕಲ್. ಗ್ರೂಪ್‌ನಾಗ ಒಂದು ಮೆಸೇಜ್ ಹಾಕ್ರಿ," ಎಂದೆ. ನಾನು ಗದಗಿನವಳು, ಇಲ್ಲಿನ ನಮ್ಮ ಕನ್ನಡ ಗ್ರೂಪಿನಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ.

"ಏನಂತ ಹಾಕ್ಲಿ? ಜಗಲಿ ಅಂತಾನಾ?"

"ಕಟ್ಟಿ ಅನ್ರಿ. ಜಗಲಿ ಅಂದ್ರ ನಮ್ಮ ಕಡೆ ದೇವರು ಕೂಡೋ ಜಾಗಾ."

"ನಾನೇನು ದೇವರ ಹಾಗೆ ಕಾಣಲ್ವಾ?" ಎಂದರು. "ನಿಮ್ಮ ಕಟ್ಟಿನೂ ಬೇಡ, ನಮ್ಮ ಜಗಲಿನೂ ಬೇಡ ಬಿಡಮ್ಮ."

ಕಳಿಸಿದ್ದು ಇಷ್ಟು: 'ಶನಿವಾರ ಮೂರಕ್ಕೆ ನಮ್ಮ ಮನೆ ಮುಂದೆ ಮಸ್ತಬಾ. ದಯವಿಟ್ಟು ಎಲ್ಲರೂ ಬಂದು ಮಾತಾಡಿಸಿಕೊಂಡು ಹೋಗಿ.'

ಮೈಸೂರಿನಲ್ಲಿ ಮಾತಾಡಿಸುವುದೆಂದರೆ ಮಾತಾಡಿಸುವುದು. ನಮ್ಮ ಕಡೆ ಮಾತಾಡಿಸಿ ಬರುವುದೆಂದರೆ ಸಾವಾದ ಮನೆಗೆ ಹೋಗಿ ಬರುವುದು. ಅದರ ಮೇಲೆ ಎಲ್ಲರೂ ಆ ಹೊಸ ಪದವನ್ನು ಫೋನಿನಲ್ಲಿ ಹುಡುಕಿದ್ದಾರೆ. ಸಮಾಧಿ!

ನವೆಂಬರ್ ಎಂಟು, ಜಿಟಿಜಿಟಿ ಮಳೆ. ಮೂರಕ್ಕೆ ಸರಿಯಾಗಿ ಕಾರುಗಳು ಸಾಲಾಗಿ ಬಂದು ನಿಂತವು. ವುಡಿನ್‌ವಿಲ್‌ನಿಂದಲೂ ಬಂದಿದ್ದರು. ಮೂವತ್ತೊಂದು ಜನ, ಕೈಯಲ್ಲಿ ಬುತ್ತಿ, ಬಾಯಲ್ಲಿ ಮಾತಿಲ್ಲ. ಸಮೋಸದ ತಟ್ಟೆ ಹಿಡಿದು ನಗುತ್ತಾ ಬಂದ ಅಂಕಲ್‌ರನ್ನು ಕಂಡು, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಇಬ್ಬರು ಅವರ ತೋಳು ಹಿಡಿದುಕೊಂಡರು.

"ಸಮಾಧಾನ ಮಾಡ್ಕೋರಿ."

"ಏನಕ್ಕೆ?"

ನನಗೆ ಆಗ ಹೊಳೆಯಿತು. ಅವರ ಕಿವಿಯಲ್ಲಿ ವಿಷಯ ಹೇಳಿದೆ. ಅಂಕಲ್ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದ ತಪ್ಪನ್ನು ಎಲ್ಲರಿಗೂ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಮಗಳ ಮನೆಗೆಂದು ಬಾದಾಮಿಯಿಂದ ಬಂದಿದ್ದ ಅಜ್ಜಿಯೊಬ್ಬರು ಮುಂದೆ ಬಂದರು.

"ಯಾರು ಹೋದ್ರೋ ಯಪ್ಪಾ?"

ಅಂಕಲ್ ಸಮೋಸದ ತಟ್ಟೆ ಕೆಳಗಿಟ್ಟರು. ಆಮೇಲೆ ಹೇಳಿದರು: "ನನ್ನ ಹೆಂಡ್ತಿ ಹೋದ್ಲು ತಾಯಿ."

"ಯಾವಾಗ?"

"ಐದು ವರ್ಷ ಆಯ್ತು."

ಯಾರಾದರೂ ನಗುತ್ತಾರೆ ಎಂದುಕೊಂಡೆ. ಅಜ್ಜಿ ಸೆರಗಿನಿಂದ ಕಟ್ಟೆಯ ನೀರು ಒರೆಸಿ ಕೂತರು, ಅಂಕಲ್‌ರನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

"ನಮಗ ಬರಾಕ ತಡಾ ಆತು," ಎಂದರು. "ಹೆಂಗಾತು, ಹೇಳು."

ಅಂಕಲ್ ಹೇಳಿದರು. ಆಸ್ಪತ್ರೆಯ ಕಿಟಕಿಯ ಹೊರಗೆ ನಿಂತದ್ದು, ಗಾಜಿಗೆ ಕೈ ಇಟ್ಟದ್ದು, ಮಣ್ಣಿಗೆ ನಾಲ್ಕೇ ಜನ ಬಂದದ್ದು. ಪಕ್ಕದ ಮನೆಯಲ್ಲಿದ್ದುಕೊಂಡು ನಾನೂ ಅದನ್ನು ಕೇಳಿರಲಿಲ್ಲ. ಕಟ್ಟೆಯ ಮೇಲೆ ಹಿಡಿಸುವುದು ಆರೇ ಜನ. ಉಳಿದವರು ಒದ್ದೆ ಹುಲ್ಲಿನ ಮೇಲೆ ಕೂತರು. ಕತ್ತಲಾದರೂ ಯಾರೂ ಏಳಲಿಲ್ಲ.

ಅಂದಿನಿಂದ ಅಂಕಲ್ ನಿಘಂಟಿನವರಿಗೆ ಬರೆಯುವುದನ್ನು ಬಿಟ್ಟಿದ್ದಾರೆ. ಈಗ ಅವರಿಗೆ ಬೇರೆಯೇ ಪ್ರಶ್ನೆ: ಆ ಹೆಸರಿಟ್ಟ ಕೂಲಿಯವರು, ಊಟದ ಹೊತ್ತಿನಲ್ಲಾದರೂ, ಆ ಸಮಾಧಿಗಳ ಮೇಲೆ ಕೂತು ಮಾತಾಡುತ್ತಿದ್ದರೇ? ತಿಳಿದವರು ಯಾರಾದರೂ ಇದ್ದರೆ ದಯಮಾಡಿ ಬರೆಯಿರಿ. ಬರೆಯಲು ಬೇಸರವಾದರೆ ಬಂದೇ ಹೇಳಿ. ಕಟ್ಟೆಯ ಮೇಲೆ ಜಾಗವಿದೆ.