ರೋಸಿಗೆ ಬಂದ ರಾಕ್ ಅಂಡ್ ರೋಲ್

ಡೈರಿ ಬರೆಯುವವರ ಜ್ಞಾಪಕಶಕ್ತಿ ಗಟ್ಟಿ ಎಂದು ಜನ ನಂಬುತ್ತಾರೆ. ನಿಜ ಹೇಳಬೇಕೆಂದರೆ, ನೆನಪು ಕೈಕೊಡುತ್ತದೆಂಬ ಭಯ ಇರುವವನೇ ಡೈರಿ ಬರೆಯುವುದು. ನಾನು ಕಾಲೇಜಿನ ದಿನಗಳಿಂದ ಬರೆಯುತ್ತಿದ್ದೇನೆ. ಆದರೂ ಹಳೆಯ ಪುಟ ತಿರುವಿದರೆ ಅಂದು ಏನು ತಿಂದೆ ಎಂಬುದು ಸಿಗುತ್ತದೆಯೇ ಹೊರತು ಯಾರು ಏನು ಹೇಳಿದರು ಎಂಬುದು ಸಿಗುವುದಿಲ್ಲ. ಆದ್ದರಿಂದ ಮುಂದೆ ಬರುವುದರಲ್ಲಿ ಊಟತಿಂಡಿಯ ವಿವರಗಳನ್ನು ಓದುಗರು ಧಾರಾಳವಾಗಿ ನಂಬಬಹುದು. ಉಳಿದದ್ದನ್ನು ಸ್ವಲ್ಪ ಸೋಸಿ ಕುಡಿಯಬೇಕು.

ಸಿಡ್ನಿಯ ಎಪ್ಪಿಂಗ್‌ನಲ್ಲಿರುವ ನನ್ನ ಅಪಾರ್ಟ್‌ಮೆಂಟಿನಲ್ಲಿ ಒಂದು ಭಾನುವಾರ, ಪೂಜೆ ಮುಗಿಸಿ ಚರ್ಚಿನಿಂದ ಬಂದು ಬಂಗುಡೆ ಮೀನು ಹುರಿಯುತ್ತಿದ್ದೆ. ರೇಡಿಯೋದಲ್ಲಿ ಒಬ್ಬ ಹಳೆಯ ಗಾಯಕನ ಗುಣಗಾನ ನಡೆದಿತ್ತು. ಈ ದೇಶದಲ್ಲಿ ರಾಕ್ ಅಂಡ್ ರೋಲ್ ಎಂಬುದನ್ನು ಮೊದಮೊದಲು ಹಾಡಿದವರಲ್ಲಿ ಒಬ್ಬನಂತೆ. ಪಿಯಾನೋವನ್ನು ಕುಳಿತು ನುಡಿಸುವುದಕ್ಕಿಂತ ನಿಂತು ಬಡಿದದ್ದೇ ಹೆಚ್ಚಂತೆ. ಇವನಿಂದ ಮಕ್ಕಳು ಕೆಟ್ಟುಹೋಗುತ್ತಾರೆಂದು ತಂದೆತಾಯಂದಿರು ಹೆದರಿದ್ದರಂತೆ. ಆ ಕೆಟ್ಟ ಮಕ್ಕಳೆಲ್ಲ ಈಗ ಮೊಮ್ಮಕ್ಕಳನ್ನು ಆಡಿಸುತ್ತಾ ಅವನ ಕೊನೆಯ ಪ್ರವಾಸಕ್ಕೆ ಟಿಕೆಟ್ ಕೊಳ್ಳುತ್ತಿದ್ದಾರೆ ಎನ್ನುತ್ತಾ ನಿರೂಪಕ ಅವನ ಒಂದು ಹಾಡು ಹಾಕಿದ. ನಾಲ್ಕು ಸಾಲು ಆಗುವಷ್ಟರಲ್ಲಿ ನನ್ನ ಬಂಗುಡೆ ಸೀದುಹೋಯಿತು. ಅದು ನಮ್ಮ ಗ್ರೆಗರಿ ಬಾಪ್ಪುವಿನ ಹಾಡು!

ಗ್ರೆಗರಿ ಬಾಪ್ಪು ಎಂದರೆ ನನ್ನ ತಾಯಿಯ ತಂಗಿ ಸಿಸಿಲಿಯಾ ಮೌಶಿಯ ಗಂಡ. ಈಗ ಇಲ್ಲ. ನಮ್ಮ ಕೊಂಕಣಿ ಕ್ಯಾಥೊಲಿಕರಲ್ಲಿ ಮದುವೆಯ ಹಿಂದಿನ ದಿನ ‘ರೋಸ್’ ಎಂಬ ಶಾಸ್ತ್ರವಿದೆ. ಮದುಮಗಳನ್ನು ಕೂರಿಸಿ, ಹಿರಿಯರು ಒಬ್ಬೊಬ್ಬರಾಗಿ ಹಣೆಗೆ ಶಿಲುಬೆಯ ಗುರುತು ಹಾಕಿ, ತಲೆಗೆ ತೆಂಗಿನ ಹಾಲು ಹಚ್ಚುತ್ತಾರೆ. ಆಗ ಬಾಪ್ಪು ಮ್ಯಾಂಡೊಲಿನ್ ಹಿಡಿದು, ತವರು ಬಿಡುವ ಹುಡುಗಿಯ ಬಗ್ಗೆ ಒಂದು ಕೊಂಕಣಿ ಹಾಡು ಹೇಳುತ್ತಿದ್ದರು. ಎಷ್ಟು ನಿಧಾನ ಎಂದರೆ ಒಂದು ಸಾಲು ಮುಗಿಯುವುದರೊಳಗೆ ಇಬ್ಬರು ಅತ್ತೆಯಂದಿರು ಅತ್ತು ಮೂಗು ಒರೆಸಿಕೊಂಡಾಗಿರುತ್ತಿತ್ತು. ಅವರೇ ಕಟ್ಟಿದ ಟ್ಯೂನ್ ಎಂಬುದು ನಮ್ಮ ಕುಟುಂಬದ ಹೆಮ್ಮೆ. ಆದರೆ ಬಾಪ್ಪು ಹಡಗಿನಲ್ಲಿ ಸ್ಟುವರ್ಡ್ ಆಗಿದ್ದವರು, ಸಿಡ್ನಿಯ ಬಂದರಿಗೂ ಬಂದುಹೋದವರು ಎಂಬುದು ಸುಟ್ಟ ಬಂಗುಡೆಯ ಹೊಗೆಯಲ್ಲಿ ನನಗೆ ಹೊಳೆಯಿತು. ಯಾರೋ ಬೆವರು ಸುರಿಸಿ ಕುಣಿಸಲೆಂದು ಮಾಡಿದ್ದನ್ನು ನಮ್ಮ ಬಾಪ್ಪು ಕಾಲು ಭಾಗ ವೇಗಕ್ಕಿಳಿಸಿ ಅಳಿಸಲು ಬಳಸಿದ್ದರು.

ಇದನ್ನು ಯಾರಿಗೂ ಹೇಳದೆ ನುಂಗಿಕೊಂಡೇನು ಎಂದುಕೊಂಡೆ. ಆ ವಾರವೇ ಮೆಲ್ಬರ್ನ್‌ನಿಂದ ಮೌಶಿಯ ಮಗಳು ಪ್ರೆಸಿಲ್ಲಾಳ ಫೋನು ಬಂತು. ಅಲ್ಲಿನ ಕ್ರಾನ್‌ಬರ್ನ್‌ನಲ್ಲಿ ಮೌಶಿ ಇರುವುದು ಅವಳ ಜೊತೆಗೇ.

“ಐವನ್, ಮದರ್ಸ್ ಡೇಗೆ ಅಮ್ಮನಿಗೆ ಒಂದು ಶೋ ಬುಕ್ ಮಾಡಿದ್ದೇನೆ ಮಾರಾಯ. ಯಾವುದೋ ಹಳೇ ರಾಕ್ ಅಂಡ್ ರೋಲ್ ಸಿಂಗರ್ ಅಂತೆ. ಅಮ್ಮ ತುಂಬಾ ಖುಷಿಯಲ್ಲಿದ್ದಾಳೆ.”

ಹೆಸರು ಕೇಳಿದೆ. ಅವನೇ. “ಮೌಶಿಗೆ ಅಷ್ಟು ಗಲಾಟೆ ಆಗ್ಲಿಕ್ಕಿಲ್ಲ. ಬೇರೆ ಎಂತಾದ್ರೂ ನೋಡು,” ಎಂದೆ.

“ಬೆಳಿಗ್ಗೆ ಹನ್ನೊಂದಕ್ಕೆ, ಸೀನಿಯರ್ಸ್‌ಗೆ ಅಂತ ಇರೋ ಶೋ. ಟೀ, ಸ್ಕೋನ್ ಎಲ್ಲಾ ಕೊಡ್ತಾರೆ. ನಿನಗೆಂತ ಹೊಟ್ಟೆಕಿಚ್ಚು?”

ಗಂಡ ತೀರಿಕೊಂಡ ಮೇಲೆ ಹೆಂಗಸಿಗೆ ಉಳಿಯುವುದು ಅವನ ಹೆಸರು. ಆ ಹೆಸರನ್ನು ಸ್ಕೋನಿನ ಜೊತೆ ಒಬ್ಬ ಮುದುಕ ಪಿಯಾನೋ ಬಡಿದು ಒಡೆಯುವುದನ್ನು ನಾನು ನೋಡುತ್ತಾ ಇರಲೇ? ವಿಮಾನ ಹತ್ತಿದೆ. ಹಾಡು ಶುರುವಾದೊಡನೆ ಮೌಶಿಯನ್ನು ಏನಾದರೊಂದು ನೆಪದಲ್ಲಿ ಹೊರಗೆ ಕರೆದೊಯ್ಯುವುದು ನನ್ನ ಯೋಜನೆ.

ಕ್ಲಬ್ಬಿನ ಹಾಲ್ ತುಂಬ ಬಿಳಿಯ ತಲೆಗಳು. ಮೌಶಿ ಚರ್ಚಿಗೆ ಉಡುವ ರೇಷ್ಮೆ ಸೀರೆ ಉಟ್ಟು ಮುಂದಿನ ಮೇಜಿನಲ್ಲಿ ಕುಳಿತಿದ್ದರು. ಸ್ಕೋನ್ ಎಂಬ ಆ ಬನ್ನು ಸ್ವಲ್ಪ ಒಣಗಿತ್ತು, ಜ್ಯಾಮ್ ಚೆನ್ನಾಗಿತ್ತು. ಮಿನುಗುವ ಕೋಟು ತೊಟ್ಟ ಒಬ್ಬ ಸಣಕಲು ಮುದುಕನನ್ನು ಇಬ್ಬರು ತೋಳು ಹಿಡಿದು ಪಿಯಾನೋದವರೆಗೆ ತಂದು ಬಿಟ್ಟರು. ಇವನಿಂದ ಏನಾದೀತು ಎಂದು ನನಗೆ ಕನಿಕರ ಹುಟ್ಟುವಷ್ಟರಲ್ಲಿ ಎಡಗೈ ಕೀಲಿಗಳ ಮೇಲೆ ಬಿತ್ತು. ಅಬ್ಬಾ, ಆ ಎಡಗೈ! ದನಿ ಒಡೆದಿತ್ತು, ಮೇಲಿನ ಸ್ವರಗಳಿಗೆ ಅವನು ಏರಲೇ ಇಲ್ಲ. ಆದರೆ ಲಯ ಮಾತ್ರ ಇಳಿಜಾರಿನಲ್ಲಿ ಬ್ರೇಕಿಲ್ಲದ ಲಾರಿ. ಎರಡನೆಯ ಹಾಡಿಗೆ ಎದ್ದು ನಿಂತ, ಕುರ್ಚಿಯನ್ನು ಹಿಮ್ಮಡಿಯಿಂದ ಹಿಂದಕ್ಕೆ ಒದ್ದ. ವಾಕರ್ ಹಿಡಿದು ಬಂದಿದ್ದ ಅಜ್ಜಿಯಂದಿರು ವಾಕರ್ ಬಿಟ್ಟು ಕುಣಿದರು. ನನ್ನ ಪಾದ ಮೇಜಿನ ಕೆಳಗೆ ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು. ಹೊರಗೆ ಕರೆದೊಯ್ಯುವ ಯೋಜನೆ ನೆನಪಾದದ್ದು ಬಾಪ್ಪುವಿನ ಆ ಹಾಡು ಶುರುವಾಗಿ ಅರ್ಧ ಮುಗಿದ ಮೇಲೆ.

ತಿರುಗಿ ನೋಡಿದರೆ ಮೌಶಿ ಎದ್ದು ನಿಂತಿದ್ದಾರೆ. ಸುತ್ತಲೂ ಎಲ್ಲರೂ ಕುಣಿಯುತ್ತಿರುವಾಗ ಅವರೊಬ್ಬರೇ ಕಣ್ಣು ಮುಚ್ಚಿ, ತಮ್ಮ ಹಣೆಗೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಾರೆ. ಪಕ್ಕದ ಮೇಜಿನವರು ಅವರಿಗೆ ಎದೆನೋವು ಬಂತೆಂದುಕೊಂಡು ನೀರು ಹಿಡಿದು ಬಂದರು.

ಶೋ ಮುಗಿದ ಮೇಲೆ ಹಸ್ತಾಕ್ಷರದ ಸಾಲು. ಮೌಶಿ ನೇರ ಅದರಲ್ಲಿ ಹೋಗಿ ನಿಂತರು. ಕೈ ಹಿಡಿದೆಳೆದೆ, ಬರಲಿಲ್ಲ. ‘ನನ್ನ ಗಂಡನ ಹಾಡನ್ನು ಕದ್ದೆಯಾ’ ಎಂದು ಇವರು ಆ ಮುದುಕನನ್ನು ಕೇಳಿಯೇ ಬಿಡುತ್ತಾರೆಂದು ನನ್ನ ಅಂಗಿ ಬೆನ್ನಿಗೆ ಅಂಟಿತು. ಸರದಿ ಬಂದಾಗ ಮೌಶಿ ತಮ್ಮ ಕಾನ್ವೆಂಟ್ ಇಂಗ್ಲಿಷಿನಲ್ಲಿ ಒಂದೊಂದೇ ಮಾತು ಜೋಡಿಸಿ ಹೇಳಿದರು: ನನ್ನ ಗಂಡ ನಿಮ್ಮನ್ನು ಕೇಳದೆ ನಿಮ್ಮ ಹಾಡು ತೆಗೆದುಕೊಂಡಿದ್ದ. ನಮ್ಮೂರಿನ ಹೆಣ್ಣುಮಕ್ಕಳೆಲ್ಲ ಅದನ್ನು ಕೇಳಿಯೇ ಮದುವೆಯಾದರು. ಅವನ ಪರವಾಗಿ ಕ್ಷಮೆ ಕೇಳಲಿಕ್ಕೆ ಬಂದೆ.

ಮುದುಕ ಪೆನ್ನು ಕೆಳಗಿಟ್ಟ. ಅವರೆಲ್ಲ ಕುಣಿದರೇ ಎಂದು ಕೇಳಿದ. ಇಲ್ಲ, ಅತ್ತರು ಎಂದರು ಮೌಶಿ. ಅವನು ಗಟ್ಟಿಯಾಗಿ ನಕ್ಕು, ನಾನು ಇಷ್ಟು ವರ್ಷ ಅದನ್ನು ತಪ್ಪಾಗಿ ಹಾಡುತ್ತಿದ್ದೆ ಹಾಗಾದರೆ ಎಂದ. ಆಮೇಲೆ ಶಾಸ್ತ್ರ ಹೇಗೆ ಮಾಡುತ್ತೀರಿ ಎಂದು ವಿಚಾರಿಸಿ, ಎಣ್ಣೆ ಹಚ್ಚಿ ಎತ್ತಿ ಬಾಚಿದ್ದ ತಲೆಯನ್ನು ಮದುಮಗನ ಹಾಗೆ ಬಗ್ಗಿಸಿದ. ಮೌಶಿ ಹೆಬ್ಬೆರಳಿನಿಂದ ಹಣೆಗೆ ಗುರುತು ಹಾಕಿದರು. ಸಾಲಿನಲ್ಲಿದ್ದ ಒಬ್ಬರೂ ಗೊಣಗಲಿಲ್ಲ.

ಕಾರಿನಲ್ಲಿ ಮೌಶಿಯ ಮುಖ ಪಾದ್ರಿಯ ಮುಂದೆ ಪಾಪ ಹೇಳಿಕೊಂಡು ಕುಮ್ಸಾರ್ ಮಾಡಿ ಬಂದವರ ಹಾಗೆ ಹಗುರವಾಗಿತ್ತು. “ಇದು ಆ ಮನುಷ್ಯನ ಹಾಡು ಅಂತ ನಿಮಗೆ ಗೊತ್ತಿತ್ತಾ ಮೌಶಿ?” ಎಂದೆ.

“ಗೊತ್ತಿಲ್ಲದೆ ಎಂತ? ಮದುವೆಯಾದ ವರ್ಷ ಬಾಪ್ಪು ಆ ರೆಕಾರ್ಡ್ ತಂದುಕೊಟ್ಟದ್ದೇ ನನಗೆ.”

“ಮತ್ತೆ ಬಾಪ್ಪುವೇ ಕಟ್ಟಿದ್ದು ಅಂತ ಯಾಕೆ ಹೇಳಿದ್ರು?”

“ಅವರು ಯಾವಾಗ ಹೇಳಿದ್ರು? ಪ್ರೆಸಿಲ್ಲಾಳ ರೋಸ್ ದಿನ ಮೈಕ್ ಹಿಡ್ಕೊಂಡು ಹೇಳಿದ್ದು ನೀನು! ಜನ ಚಪ್ಪಾಳೆ ತಟ್ಟಿದ್ರು. ಪಾಪ, ಅವರು ತೆಂಗಿನ ಹಾಲಿನ ಬೋಗುಣಿ ಹಿಡ್ಕೊಂಡು ನಿಂತವರು, ಎಂತ ಹೇಳುವುದು?”

“ಮೈಕ್ ನಿನ್ನ ಕೈಯಿಂದ ಬಿಡಿಸ್ಲಿಕ್ಕೆ ಮೂರು ಜನ ಬೇಕಾಯ್ತು,” ಎಂದಳು ಪ್ರೆಸಿಲ್ಲಾ, ಗೇರ್ ಬದಲಿಸುತ್ತಾ.

ಅಂಥದ್ದೇನೂ ನನಗೆ ನೆನಪಿರಲಿಲ್ಲ. ಆ ರೋಸಿನ ಊಟದ ವಡೆ ಮಾತ್ರ ಚೆನ್ನಾಗಿ ನೆನಪಿತ್ತು.

“ಆಮೇಲಾದ್ರೂ ನನಗೆ ಯಾರಾದ್ರೂ ಹೇಳ್ಬಹುದಿತ್ತಲ್ಲ?”

“ನಾನು ಹೇಳುವಾ ಅಂತಲೇ ಇದ್ದೆ ಪುತಾ,” ಎಂದರು ಮೌಶಿ, ನನ್ನ ಮೊಣಕಾಲು ತಟ್ಟುತ್ತಾ. “ಬಾಪ್ಪುವೇ ಬಿಡ್ಲಿಲ್ಲ. ‘ಬೇಡ ಸಿಸಿಲಿಯಾ, ಅವ ಓದಿದ ಹುಡುಗ, ನಮ್ಮನ್ನು ಅಷ್ಟು ನಂಬಿದ್ದಾನೆ, ಗೊತ್ತಾದ್ರೆ ಪಾಪ ತಡ್ಕೊಳ್ಲಿಕ್ಕಿಲ್ಲ’ ಅಂದ್ರು.”