ಟಿಕೆಟ್ ಕಿಟಕಿಯಿಂದ ಕಾಣುವ ಬೆಟ್ಟ

ಬೆಟ್ಟದ ಬುಡದಲ್ಲಿ ಕೂತವರ ಹತ್ತಿರಕ್ಕೆ ದಿನಕ್ಕೊಂದು ಕಥೆ ತಾನಾಗೇ ಇಳಿದು ಬರುತ್ತದೆ. ಆಂಧ್ರದ ಗಡಿಯ ರಾಯಲ್ಪಾಡಿನ ಆಚೆ, ಕಾಡು ಹೊದ್ದುಕೊಂಡ ಬೆಟ್ಟವೊಂದರ ಕೆಳಗೆ ಟಿಕೆಟ್ ಕೊಡುವುದು ನನ್ನ ಕೆಲಸ. ಯಾರು ಹತ್ತಿದರು, ಯಾರು ಇಳಿದರು ಅಂತ ರಿಜಿಸ್ಟರಿನಲ್ಲಿ ಬರೆಯಬೇಕು. ಹತ್ತಿದವರೆಲ್ಲ ಇಳಿಯುವ ತನಕ ನಾನು ಜಾಗ ಬಿಡುವಂತಿಲ್ಲ. ಸೋಮವಾರ ನನಗೆ ರಜೆ. ಬೆಟ್ಟಕ್ಕೂ ಅವತ್ತೇ ರಜೆ. ಹೀಗಾಗಿ ಎರಡು ವರ್ಷದಿಂದ ಕಿಟಕಿಯಲ್ಲಿ ತುದಿ ಕಾಣುತ್ತಿದ್ದರೂ ಒಂದು ಸಲವೂ ಹತ್ತಿರಲಿಲ್ಲ. ಇಳಿದು ಬಂದವರ ಬಟ್ಟೆಗೆ ಅಂಟಿದ ಒಣ ಎಲೆಯನ್ನು ನೋಡಿಯೇ ಹೊಟ್ಟೆ ಉರಿಯುತ್ತಿತ್ತು. "ಮೇಲೆ ಹೇಗಿದೆ ಮೇಡಂ?" ಅಂತ ಯಾರಾದರೂ ಕೇಳಿದರೆ, "ಗಾಳಿ ಚೆನ್ನಾಗಿದೆ" ಅಂದು ತಲೆ ತಗ್ಗಿಸುತ್ತಿದ್ದೆ.

ದಾರಿ ತೋರಿಸಿದ ಅಜ್ಜಿ

ಬೆಂಗಳೂರಿನಿಂದ ಐವರು ಹುಡುಗರು ಬಂದರು. ಕೈಯಲ್ಲಿ ಮಡಚುವ ಕೋಲು, ಬೆನ್ನಿಗೆ ನಳಿಗೆ ಇರುವ ನೀರಿನ ಚೀಲ. ಆಡು ಮೇಯಿಸುವ ಅಜ್ಜಿಯೊಬ್ಬರು ಬರಿಗಾಲಲ್ಲಿ ನಿಂತು ನೋಡಿ, "ರಂಡಪ್ಪಾ, ಬನ್ರಪ್ಪಾ, ದಾರಿ ನಾನು ತೋರಿಸ್ತೀನಿ" ಅಂದರು, ತೆಲುಗು ಬೆರೆಸಿ.

ಮಧ್ಯಾಹ್ನ ಇಳಿದು ಬಂದಾಗ ಒಬ್ಬನ ಹೆಗಲ ಮೇಲೆ ಆಡಿನ ಮರಿ, ಇನ್ನೊಬ್ಬನ ತಲೆ ಮೇಲೆ ಸೊಪ್ಪಿನ ಹೊರೆ. ಉಳಿದವರು ಮಡಚುವ ಕೋಲಿನಿಂದ ಆಡು ಅಟ್ಟುತ್ತಿದ್ದರು. ಹಿಂದೆ ಅಜ್ಜಿ, ಯಾರದೋ ಟೋಪಿ ಹಾಕಿಕೊಂಡು, ಕೈ ಬೀಸಿಕೊಂಡು!

"ಸೂಪರ್ ಎಕ್ಸ್‌ಪೀರಿಯೆನ್ಸ್ ಮೇಡಂ!" ಅಂದರು ಹುಡುಗರು.

ಮಾರನೇ ದಿನ ಅಜ್ಜಿ ಕಿಟಕಿಗೆ ಬಂದರು. "ನೆನ್ನೆ ಹುಡುಗ್ರು ಇವತ್ತೂ ಬರ್ತಾರೇನಮ್ಮಾ? ತೋಟದಲ್ಲಿ ಟೊಮೇಟೊ ಕೀಳೋದೈತೆ."

ಇಳಿಯದೇ ಹೋದವರು

ಒಂದು ಸಂಜೆ ಒಬ್ಬರು ಮಾತ್ರ ಇಳಿದಿರಲಿಲ್ಲ. ಕಾಡು ಕಾಯುವ ವಾಚರ್ ಅಣ್ಣ ಹುಡುಕಲು ಹೊರಟರು. ನನಗೆ ಗಾಬರಿ ಆಗಬೇಕಿತ್ತು, ಆದದ್ದು ಆಸೆ. ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದ ಶೂ ತೆಗೆದು ಲೇಸು ಕಟ್ಟಿ, "ನಾನೂ ಬರ್ಲಾ ಅಣ್ಣ?" ಅಂದೆ.

"ಮೊದ್ಲು ಅವ್ರಿಗೆ ಫೋನ್ ಮಾಡಿ ಮೇಡಂ, ರಿಜಿಸ್ಟರಲ್ಲಿ ನಂಬರ್ ಐತಲ್ಲ."

ಮಾಡಿದೆ. ಆ ಕಡೆ ತಟ್ಟೆ ಲೋಟದ ಸದ್ದು. "ನಾನು ಅತ್ತೆ ಮನೇಲಿದೀನಿ ಮೇಡಂ. ಬಸ್ಸಲ್ಲಾದ್ರೆ ಆಂಧ್ರ ಸುತ್ಕೊಂಡು ಬರ್ಬೇಕು. ಬೆಟ್ಟ ಹತ್ತಿ ಆ ಕಡೆ ಇಳಿದ್ರೆ ಹತ್ರ ಅಲ್ವಾ?"

"ವಾಪಸ್ ಯಾವಾಗ ಸರ್? ರಿಜಿಸ್ಟರಲ್ಲಿ ಬರೀಬೇಕು."

"ಅದು ನಮ್ಮನೆಯೋರ್ನ ಕೇಳ್ಬೇಕು ಮೇಡಂ."

'ವಾಪಸ್' ಕಾಲಂನಲ್ಲಿ 'ಅತ್ತೆ ಮನೆ' ಅಂತ ಬರೆದು ಶೂ ಬಿಚ್ಚಿದೆ.

ಹತ್ತು ಮೆಟ್ಟಿಲು

ಆ ಶೂ ನೋಡಿ ವಾಚರ್ ಅಣ್ಣನ ಮನಸ್ಸು ಕರಗಿರಬೇಕು. "ಬುಧವಾರ ಜನ ಕಮ್ಮಿ. ನಾನು ಕೂತ್ಕೋತೀನಿ, ಹೋಗ್ಬನ್ನಿ" ಅಂದರು.

ಅಜ್ಜಿಯ ಜೊತೆ ಹೊರಟೆ. ಬಿದಿರ ಮೆಳೆ, ಸೀತಾಫಲದ ಗಿಡ, ಆಮೇಲೆ ಬರೀ ಬಂಡೆ. ಕೊನೆಯ ಬಂಡೆಯಲ್ಲಿ ಕೊರೆದ ಮೆಟ್ಟಿಲು ಹತ್ತೇ ಹತ್ತು ಉಳಿದಿತ್ತು. ಮೇಲೆ ಆಕಾಶ ಬಿಟ್ಟು ಏನೂ ಇರಲಿಲ್ಲ. ಅಷ್ಟರಲ್ಲಿ ವಾಚರ್ ಅಣ್ಣನ ಫೋನು.

"ಮೇಡಂ, ಮುಳಬಾಗಿಲಿಂದ ಒಂದು ಬಸ್ ಸ್ಕೂಲ್ ಮಕ್ಕಳು ಬಂದವ್ರೆ. ಕಂಪ್ಯೂಟರ್ ಪಾಸ್‌ವರ್ಡ್ ಕೇಳ್ತೈತೆ."

ಯಾರಿಗೂ ಹೇಳದ ಮಾತು ಅದು. ಮೆಲ್ಲಗೆ ಹೇಳಿದೆ.

"ಕೇಳಿಸ್ತಿಲ್ಲ ಮೇಡಂ! ಸ್ಪೀಕರ್ ಹಾಕಿದೀನಿ, ಟೀಚರ್ ಟೈಪ್ ಮಾಡ್ತಾರೆ."

ಇನ್ನೊಮ್ಮೆ ಹೇಳಿದೆ.

"ಗಟ್ಟಿಗಾ ಚೆಪ್ಪಮ್ಮಾ, ಗಟ್ಟಿಯಾಗಿ ಹೇಳು!" ಅಂತ ಅಜ್ಜಿ ಬೆನ್ನಿಗೆ ಗುದ್ದಿದರು.

ಶಾಲೆಯಲ್ಲಿ ಹಾಜರಿಗೂ ದನಿ ಎತ್ತದವಳು ನಾನು. ಕಣ್ಣು ಮುಚ್ಚಿ ಕೂಗಿದೆ: "ಒಂದ್ಸಲ ಹತ್ತಬೇಕು! ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲಾ ಸೇರಿಸಿ!"

ಆ ಕಡೆ ಕೀಬೋರ್ಡ್ ಕುಟ್ಟುವ ಸದ್ದು. ಆಮೇಲೆ ಟೀಚರ್ ದನಿ: "ಓಪನ್ ಆಯ್ತು."

ವಾಚರ್ ಅಣ್ಣ ಗಂಟಲು ಸರಿಮಾಡಿಕೊಂಡರು. "ಇನ್ಮೇಲೆ ಅದನ್ನ ಬದಲಾಯಿಸ್ಬೋದಲ್ವಾ ಮೇಡಂ, ಹತ್ತಿದ್ರಲ್ಲ?"

"ಇಲ್ಲ ಅಣ್ಣ, ಇನ್ನೂ ಹತ್ತು ಮೆಟ್ಟಿಲಿದೆ."

ಫೋನಿನೊಳಗಿಂದ ಅಷ್ಟೂ ಮಕ್ಕಳು ಒಟ್ಟಿಗೆ ಅರಚಿದರು: "ಹತ್ತಿ ಮಿಸ್, ನಾವು ಎಣಿಸ್ತೀವಿ! ಒಂದೂ..."