ಹದಿನೇಳು ಇಂಚಿನ ಮಾವ

ನಮ್ಮ ಸೋದರಮಾವ ಮನುಷ್ಯರ ಮುಖ ನೋಡಿ ಮಾತಾಡುವುದನ್ನು ಬಿಟ್ಟು ಹತ್ತಿರ ಹತ್ತಿರ ಒಂದು ವರ್ಷವಾಯಿತು. ಅವರು ಟೈರು ನೋಡಿ ಮಾತಾಡುತ್ತಾರೆ! ಸುಳ್ಳಲ್ಲ ಕಣ್ರೀ. ನಮ್ಮ ಮನೆಗೆ ಬಂದರೆ ಮೊದಲು ಗೇಟಿನ ಒಳಗಿರುವ ನನ್ನ ಸ್ಕೂಟರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿನ ಉಗುರನ್ನು ಟೈರಿಗೆ ಒತ್ತಿ, "ಚೆನ್ನಾಗಿದೀಯೇನಮ್ಮಾ?" ಎನ್ನುತ್ತಾರೆ.

ನಾನು ಬಾಗಿಲಲ್ಲಿ ನಿಂತು, "ಚೆನ್ನಾಗಿದೀನಿ ಮಾವ, ಒಳಗೆ ಬನ್ನಿ" ಎಂದೆ ಒಂದು ಸಲ.

"ನಿನ್ನನ್ನಲ್ಲ ಕಣಮ್ಮ ಕೇಳಿದ್ದು!"

ಸಿಗ್ನಲ್ಲಿನಲ್ಲಿ ಕೆಂಪು ದೀಪ ಹತ್ತಿದರಂತೂ ಮುಗಿಯಿತು. ಹೊಸೂರು ರಸ್ತೆಯಲ್ಲಿ ನನ್ನ ಸ್ಕೂಟರಿನ ಹಿಂದೆ ಕೂತಿದ್ದವರು ತಟಕ್ಕನೆ ಇಳಿದು, ಪಕ್ಕದ ಕಾರಿನ ಕಿಟಕಿ ತಟ್ಟಿ, "ಸಾರ್, ನಿಮ್ಮ ಇಂದ್ಗಡೆ ಚಕ್ರ ಬೋಳಾಗ್ಯದೆ" ಎನ್ನುತ್ತಾರೆ. ಒಂದು ಸಲ ಕಾರಿನಲ್ಲಿದ್ದ, ಕೊರಳಿಗೆ ಕಂಪನಿ ಕಾರ್ಡು ಹಾಕಿಕೊಂಡಿದ್ದ ಹುಡುಗ ಗಾಬರಿಯಾಗಿ ಹತ್ತು ರೂಪಾಯಿ ನೋಟು ಚಾಚಿದ! ಮಾವನಿಗೆ ಅವಮಾನವಾಯಿತೇ? ಇಲ್ಲ. "ಇದನ್ನೇ ಟೈರಿಗಾಕು ಮಗಾ" ಅಂತ ವಾಪಸು ಕೊಟ್ಟು ಬಂದರು.

ಈ ಹುಚ್ಚು ಹತ್ತಿದ್ದು ಅವರ ಲಾರಿಯಿಂದ. ಮಾವ ಸಿಂಗಸಂದ್ರದ ಮೂಲದವರು. ಹುರುಳಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ಪಿಜಿ ಕಟ್ಟಡ ಎದ್ದಿದೆ. ಬಾಡಿಗೆ ಎಣಿಸಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂರಬಹುದು. ಕೂರುತ್ತಾರೆಯೇ? ಜಿಗಣಿ ಆಚೆ ಉಳಿದಿರುವ ಎರಡೆಕರೆಯಲ್ಲಿ ರಾಗಿ, ಅವರೆ, ಸೊಪ್ಪು ಬೆಳೆದು, ನಮ್ಮ ತಾತ ಕೊಂಡಿದ್ದ ಗಿಡ್ಡ ಲಾರಿಯಲ್ಲಿ ಹೇರಿಕೊಂಡು ಬರುತ್ತಾರೆ. ಆ ಲಾರಿ ಒಂದು ಕಾಲದಲ್ಲಿ ಹಸಿರಾಗಿತ್ತಂತೆ. ಈಗ ಯಾವ ಬಣ್ಣ ಅಂತ ಕೇಳಿದರೆ ಅತ್ತೆ, "ಮಳೆಗಾಲದಲ್ಲಾ, ಬೇಸಿಗೇಲಾ?" ಅಂತ ಕೇಳುತ್ತಾರೆ.

ಕಳೆದ ಅವರೆಕಾಯಿ ಕಾಲದಲ್ಲಿ ಜಿಗಣಿ ರಸ್ತೆಯಲ್ಲಿ ಅದರ ಮುಂದಿನ ಟೈರು ಢಮಾರ್ ಅಂತ ಸಿಡಿಯಿತು. ಲಾರಿ ಅಡ್ಡಡ್ಡ ತಿರುಗಿ ಒಂದು ಟೀ ಅಂಗಡಿಯ ಮುಂದೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮೂಟೆ ಬಿಚ್ಚಿಕೊಂಡು ರಸ್ತೆ ತುಂಬಾ ಅವರೆಕಾಯಿ ಚೆಲ್ಲಿತು. ಟೀ ಕುಡಿಯುತ್ತಿದ್ದವರೆಲ್ಲ ಸಹಾಯಕ್ಕೆ ಬಂದು, ಅರ್ಧ ಮೂಟೆಗೂ ಅರ್ಧ ತಮ್ಮ ಚೀಲಕ್ಕೂ ತುಂಬಿ ಕೊಟ್ಟರಂತೆ!

ಮನೆಗೆ ಬಂದ ಮಾವ ಎರಡು ದಿನ ಲಾರಿಯ ಸುತ್ತಲೇ ಸುತ್ತಿದರು. ಮೂರನೇ ದಿನ ಅತ್ತೆ ತೀರ್ಪು ಕೊಟ್ಟರು: "ಆಯುಧಪೂಜೆಯೊಳಗೆ ಒಳ್ಳೇ ಟೈರು ಸಿಕ್ರೆ ಪೂಜೆ. ಇಲ್ಲಾಂದ್ರೆ ಗುಜರಿ."

"ಟೈರು ತಾನೆ? ನಾಳೇನೇ ತತ್ತೀನಿ" ಎಂದರು ಮಾವ.

ಆ ನಾಳೆ ಒಂಬತ್ತು ತಿಂಗಳು ಬೆಳೆಯಿತು. ಯಾಕೆಂದರೆ ಆ ಲಾರಿಯ ಚಕ್ರ ಹದಿನೇಳು ಇಂಚಿನದು. ಹದಿನಾರಕ್ಕೆ ಟೈರು ಸಿಗುತ್ತದೆ, ಇಪ್ಪತ್ತಕ್ಕೆ ಸಿಗುತ್ತದೆ. ಭಾರ ಹೊರುವ ಹದಿನೇಳು ಇಂಚಿನ ಟೈರನ್ನು ಮಾಡುವವರೇ ಕೈಬಿಟ್ಟು ಎಷ್ಟು ಕಾಲವಾಯಿತೋ! ನಾನು ಜಿಗಣಿಯ ಒಂದು ಕಾರ್ಖಾನೆಯಲ್ಲಿ ರಬ್ಬರ್ ವಾಷರುಗಳ ಗುಣಮಟ್ಟ ನೋಡುವವಳು. ಅಷ್ಟೇ ತಪ್ಪಿಗೆ ಮಾವನ ಕಣ್ಣಲ್ಲಿ ರಬ್ಬರ್ ಶಾಸ್ತ್ರದ ಪಂಡಿತೆಯಾಗಿಬಿಟ್ಟೆ. ನನ್ನ ಭಾನುವಾರಗಳೆಲ್ಲ ಟೈರಿನ ಪಾಲಾದವು.

ಮೊದಲು ಹೋಗಿದ್ದು ಮಾರತ್ತಹಳ್ಳಿಗೆ, ಎಸಿ ಹಾಕಿದ ಟೈರಿನ ಅಂಗಡಿಗೆ. "ಹದಿನೇಳು ಇಂಚಾ? ಬೇಕಾದಷ್ಟಿದೆ ಸಾರ್" ಎಂದ ಅಂಗಡಿಯವನು. ಮಾವ ನನ್ನ ಕಡೆ ಗೆದ್ದವರ ಹಾಗೆ ನೋಡಿದರು. ಅವನು ಉರುಳಿಸಿಕೊಂಡು ಬಂದಿದ್ದು ಕಾರಿನ ಟೈರು. ಅಗಲ, ಚಪ್ಪಟೆ, ಪಳಪಳ.

"ಇದು ಎಷ್ಟು ಭಾರ ತಡೀತದೆ?" ಮಾವ ಕೇಳಿದರು.

"ಐದು ಜನ ಆರಾಮಾಗಿ ಕೂರಬಹುದು ಸಾರ್. ಮ್ಯೂಸಿಕ್ ಕೂಡ ಕ್ಲಿಯರಾಗಿ ಕೇಳ್ಸತ್ತೆ, ರೋಡ್ ಸೌಂಡೇ ಬರಲ್ಲ."

"ರಾಗಿ ಮೂಟೆಗೆ ಮ್ಯೂಸಿಕ್ ಯಾಕಪ್ಪಾ?" ಅಂತ ಮಾವ ಎದ್ದುಬಿಟ್ಟರು.

ಬೊಮ್ಮಸಂದ್ರದ ಇನ್ನೊಬ್ಬರು ಟ್ರ್ಯಾಲಿ ಟೈರು ತೋರಿಸಿದರು. ಭಾರವೇನೋ ಹೊರುತ್ತದೆ, ಆದರೆ ಅದು ಟ್ರ್ಯಾಕ್ಟರಿನ ಹಿಂದೆ ನಿಧಾನಕ್ಕೆ ಹೋಗಲಿಕ್ಕೆ ಮಾಡಿದ್ದು, ರಸ್ತೆಯಲ್ಲಿ ಜೋರಾಗಿ ಓಡಿಸಿದರೆ ಕಾದು ಕಿತ್ತುಹೋಗುತ್ತದೆ ಎಂದೆ. "ನಮ್ಮ ಲಾರಿ ಯಾವತ್ತು ಜೋರಾಗಿ ಓಡ್ಯದೆ?" ಎಂದು ಮಾವ ವಾದಿಸಿದರು. "ಇಳಿಜಾರಿನಲ್ಲಿ?" ಎಂದೆ. ಮಾವ ಸ್ಕೂಟರಿನ ಕಡೆ ನಡೆದರು. ಆ ಲಾರಿಯ ಬ್ರೇಕಿನ ಚರಿತ್ರೆ ನಮ್ಮಿಬ್ಬರಿಗೂ ಗೊತ್ತಿತ್ತು!

ಆಮೇಲೆ ಪೀಣ್ಯದಿಂದ ಫೋನು ಬಂತು. ಒಂದು ಹಳೇ ಗೋಡೌನಿನಲ್ಲಿ ಐದು ಟೈರು ಇವೆ, ಹದಿನೇಳೇ ಇಂಚು, ಲಾರಿಯದೇ, ಒಮ್ಮೆಯೂ ರಸ್ತೆ ಮುಟ್ಟಿಲ್ಲ! ಮಾವ ಆವತ್ತು ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದರು, ಹೆಣ್ಣು ನೋಡಲು ಹೊರಟವರ ಹಾಗೆ. ಗೋಡೌನಿನ ಯಜಮಾನರು ಟಾರ್ಪಾಲು ಸರಿಸಿದರು. ಐದೂ ಕರ್ರಗೆ ಮಿಂಚುತ್ತಿದ್ದವು. ಒಂದಕ್ಕೆ ಕಂಪನಿಯ ಕಾಗದದ ಚೀಟಿ ಇನ್ನೂ ಅಂಟಿಕೊಂಡಿತ್ತು. ಮಾವ ಆ ಚೀಟಿಯನ್ನು ಸವರಿದರು. ಅವರ ಕಣ್ಣು ತುಂಬಿದ್ದನ್ನು ನಾನೇ ನೋಡಿದೆ.

ನನ್ನ ಹಾಳು ಕೆಲಸದ ಚಾಳಿ ಬಿಡಲಿಲ್ಲ. ಮಗ್ಗುಲಲ್ಲಿ ಒತ್ತಿರುವ ಅಂಕಿಗಳನ್ನು ಮೊಬೈಲ್ ಬೆಳಕು ಬಿಟ್ಟು ಓದಿದೆ. ಯಾವ ವಾರ, ಯಾವ ವರ್ಷ ತಯಾರಾಯಿತು ಅಂತ ಅದರಲ್ಲಿರುತ್ತದೆ.

"ಮಾವ, ಇವು ಹುಟ್ಟಿದಾಗ ನಾನು ಹೈಸ್ಕೂಲಿನಲ್ಲಿದ್ದೆ."

"ಅದಕ್ಕೇನೀಗ? ನೀನಿನ್ನೂ ಗಟ್ಟಿಮುಟ್ಟಾಗಿಲ್ವಾ?"

ನಾನು ಟೈರಿನ ಅಂಚನ್ನು ಒತ್ತಿ ಬಾಗಿಸಿದೆ. ಕೂದಲೆಳೆಯಂಥ ಬಿರುಕುಗಳು ಒಂದೊಂದಾಗಿ ಬಾಯಿ ತೆರೆದವು. ಮಾವ ಬಗ್ಗಿ, ಕನ್ನಡಕ ಏರಿಸಿ, ತುಂಬಾ ಹೊತ್ತು ನೋಡಿದರು. ಇಸ್ತ್ರಿ ಪಂಚೆಯ ಮೇಲೆ ಧೂಳು ಕೂತಿತ್ತು.

"ನಿಮಗೆ ಬೇಡಾಂದ್ರೆ ಬಿಡಿ, ಬೇರೆ ಗಿರಾಕಿ ಇದಾರೆ" ಎಂದರು ಯಜಮಾನರು.

ಮಾವ ತಟ್ಟನೆ ನೆಟ್ಟಗಾದರು. "ಯಾರಿಗೂ ಕೊಡಬ್ಯಾಡಿ. ಐದೂ ನನಗೇ."

ನಾನು ಹೌಹಾರಿದೆ. ಹೊರಗೆ ಬಂದು, "ಮಾವ, ಹೇಳಿದ್ದು ಅರ್ಥವಾಗಲಿಲ್ವಾ?" ಎಂದರೆ, ತಲೆ ಬಗ್ಗಿಸಿಕೊಂಡು ಹೇಳಿದರು: "ಆವತ್ತು ಟೀ ಅಂಗಡಿ ಮುಂದೆ ಒಬ್ಬ ಎಣ್ಮಗಳು ನಿಂತಿದ್ಲು ಕಣಮ್ಮ. ಗಾಡಿ ಅವಳಿಂದ ಒಂದು ಮಾರು ದೂರದಲ್ಲಿ ನಿಂತ್ಕಂತು. ಇವನ್ನ ಇನ್ಯಾವನೋ ಆಕ್ಕಂಡು ರೋಡಿಗೆ ಬಂದ್ರೆ?"

ಆ ಐದೂ ಟೈರು ಈಗ ಪಿಜಿಯ ತಾರಸಿ ಮೇಲಿವೆ, ಮಣ್ಣು ತುಂಬಿಸಿಕೊಂಡು. "ಇಡೀ ಬೆಂಗಳೂರಲ್ಲಿ ಒಂದಿನಾನೂ ಓಡದ ಹೊಸಾ ಟೈರಲ್ಲಿ ಪುದೀನ ಬೆಳೆಯೋಳು ನಾನೊಬ್ಬಳೇ" ಅಂತ ಅತ್ತೆ ಬಂದವರಿಗೆಲ್ಲ ತೋರಿಸುತ್ತಾರೆ.

ಆಯುಧಪೂಜೆಗೆ ಹನ್ನೊಂದು ದಿನ ಉಳಿದಾಗ ನನ್ನ ಸಹೋದ್ಯೋಗಿಯೊಬ್ಬರು ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ಲಾರಿ ಚಕ್ರಗಳ ವರ್ಕ್‌ಶಾಪ್ ನಡೆಸುವ ಒಬ್ಬ ಹೆಂಗಸಿನ ಬಗ್ಗೆ ಹೇಳಿದರು. ಆಕೆ ಮಾವನ ಲಾರಿಯನ್ನು ಒಂದು ಸುತ್ತು ಹಾಕಿ, ಒಂದು ಚಕ್ರ ಬಿಚ್ಚಿಸಿ, ಬೋಲ್ಟುಗಳ ಅಂತರವನ್ನು ಮೂರು ಸಲ ಅಳೆದರು.

"ಟೈರು ಹುಡುಕೋದು ಬಿಡಿ ಸಾರ್. ರಿಮ್ಮನ್ನೇ ಬದಲಾಯಿಸಿ. ಈಗಿನ ಸಣ್ಣ ಲಾರಿಯ ಹದಿನಾರು ಇಂಚಿನ ರಿಮ್ಮು ಇದಕ್ಕೆ ಸರಿಯಾಗಿ ಕೂರತ್ತೆ. ಹೊಸ ಟೈರು ಯಾವ ಅಂಗಡೀಲಿ ಬೇಕಾದ್ರೂ ಸಿಗತ್ತೆ."

ಇಷ್ಟು ಸುಲಭವೇ! ನನಗೆ ಕುಣಿಯುವಷ್ಟು ಸಂತೋಷ. ಮಾವ ಮಾತ್ರ ಮುಖ ಸಪ್ಪೆ ಮಾಡಿಕೊಂಡರು. "ಅಳೇ ರಿಮ್ಮನ್ನೇ ಕುಯ್ದು ವೆಲ್ಡಿಂಗ್ ಮಾಡಿ ಕೊಟ್ಬಿಡಿ ಮೇಡಂ."

"ಬೆಸುಗೆ ಹಾಕಿದ ರಿಮ್ಮನ್ನ ನನ್ನ ಶತ್ರುವಿಗೂ ಕೊಡಲ್ಲ ಸಾರ್."

ಮನೆಗೆ ಬಂದು ಮಾವ ಊಟದ ಮುಂದೆ ಕೂತು ಗೊಣಗಿದರು: "ಒಂದಿಂಚು ಕಮ್ಮಿ ಆದ್ರೆ ನಮ್ಮ ಲಾರಿ ಕುಳ್ಳಾಗೋಯ್ತದಲ್ಲೇ!"

ಅತ್ತೆ ಸಾರು ಬಡಿಸುತ್ತಾ, "ಮದುವೇಲಿ ಇದ್ದಷ್ಟು ಎತ್ತರ ನೀವಿನ್ನೂ ಇದೀರಾ? ನಾನು ನಿಮ್ಮನ್ನ ಬಿಟ್ಟೆನಾ?" ಎಂದರು. ಮಾವ ಅನ್ನ ಕಲಸಿಕೊಂಡರು. ಮಾರನೇ ದಿನ ಮುಂಗಡ ಕೊಟ್ಟು ಬಂದರು.

ಟೈರು ಕೂರಿಸುವ ದಿನ ನಾನು ಊಟದ ವಿರಾಮದಲ್ಲಿ ಕಾರ್ಖಾನೆಯಿಂದ ಓಡಿದೆ. ಸ್ಟೆಪ್ನಿಯೂ ಸೇರಿ ಐದು ಹೊಸ ಟೈರು, ಈ ವರ್ಷದವೇ. ಅಂಕಿ ಓದಿ ನಾನೇ ಒಪ್ಪಿಗೆ ಕೊಟ್ಟಿದ್ದೆ. ಆ ಥರದ ರಿಮ್ಮಿಗೆ ಸುತ್ತಲೂ ಒಂದು ಕಬ್ಬಿಣದ ಬಳೆ ಇರುತ್ತದೆ. ಅದು ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಗುಂಡಿನ ಹಾಗೆ ಹಾರುತ್ತದೆ. ಅದಕ್ಕೇ ಆ ಮೇಡಂ ಚಕ್ರವನ್ನು ದಪ್ಪ ಕಬ್ಬಿಣದ ಪಂಜರದೊಳಗೆ ಇಟ್ಟು, ಉದ್ದನೆಯ ಪೈಪು ಹಿಡಿದು, "ಎಲ್ಲಾ ದೂರ ನಿಂತ್ಕೊಳ್ಳಿ" ಎಂದರು.

ನಾವು ಗೋಡೆಯ ಬಳಿಗೆ ಸರಿದೆವು. ಗಾಳಿ ಸುಯ್ಯೆಂದಿತು. ಅಷ್ಟರಲ್ಲಿ ಮಾವ ನನ್ನ ಮೊಣಕೈ ಹಿಡಿದು ಎಳೆದು, ತಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಂಡು, ಎರಡೂ ತೋಳು ಅಗಲಿಸಿ ನಿಂತುಬಿಟ್ಟರು!

ನನಗೆ ನಲವತ್ತೆರಡು ವರ್ಷ. ದಿನವೂ ದೊಡ್ಡ ದೊಡ್ಡ ಪ್ರೆಸ್ಸುಗಳ ಪಕ್ಕ ನಿಂತು ಕೆಲಸ ಮಾಡುವವಳು. ಮಾವನಿಗಿಂತ ನಾಲ್ಕು ಬೆರಳು ಎತ್ತರ ಬೇರೆ. ಅವರ ತಲೆಯ ಮೇಲಿಂದಲೇ ನನಗೆ ಎಲ್ಲಾ ಕಾಣುತ್ತಿತ್ತು.

"ಪಂಜರ ಇದೆಯಲ್ಲ ಮಾವ, ಏನೂ ಆಗಲ್ಲ."

"ಇರ್ಲಿ. ನೀನು ನನ್ನ ಇಂದೇನೇ ಇರು."

ನಗು ಬಂತು. ಆಮೇಲೆ ನೋಡಿದರೆ, ಮಾವ ಪಂಜರದಿಂದ ಕಣ್ಣು ಕೀಳದೆ ತೋಳುಗಳನ್ನು ಇನ್ನಷ್ಟು ಅಗಲಿಸಿದ್ದರು. ಟಕ್ ಅಂತ ಬಳೆ ಕೂತಿತು. ಮಾವ ತೋಳು ಇಳಿಸಿ ಉಸಿರು ಬಿಟ್ಟರು. ಎರಡನೇ ಚಕ್ರ ಪಂಜರಕ್ಕೆ ಹೋಯಿತು, ತೋಳು ಮತ್ತೆ ಮೇಲೆದ್ದವು. ಮೂರನೆಯದಕ್ಕೂ ಹಾಗೇ.

ನಾಲ್ಕನೇ ಚಕ್ರಕ್ಕೆ ಪೈಪು ಹಚ್ಚುವಷ್ಟರಲ್ಲಿ ಅವರು ಎಳೆಯುವ ಮೊದಲೇ ನಾನಾಗಿ ಹೋಗಿ ಮಾವನ ಬೆನ್ನ ಹಿಂದೆ ನಿಂತುಕೊಂಡೆ. ಅವರ ತಲೆಗಿಂತ ಮೇಲೆ ಕಾಣದ ಹಾಗೆ, ಸ್ವಲ್ಪ ಮೊಣಕಾಲು ಬಗ್ಗಿಸಿ.